ಗಡಿಯಾರವನ್ನು ಪಶ್ಚಿಮದ ಕಿಟಕಿಗಿಡಿ

ಜಲಜಾಕ್ಷಿಗೆ ಮನುಷ್ಯರ ಬುದ್ಧಿಯ ಮೇಲಿದ್ದ ಗೌರವವೆಲ್ಲ ಅಮೆರಿಕದ ಫೋರ್ಟ್ ಮಿಲ್‌ನ ಗಡಿಯಾರದ ಕಂಪನಿಗೆ ಸೇರಿದ ಎರಡೇ ತಿಂಗಳಲ್ಲಿ ಕರಗಿಹೋಯಿತು. ಅದು 1998ರ ಚಳಿಗಾಲ. ತಾನೇ ಸಮಯ ಸರಿಪಡಿಸಿಕೊಳ್ಳುವ ರೇಡಿಯೋ ಗಡಿಯಾರಗಳು ಆಗಷ್ಟೇ ಜನರ ಗೋಡೆಗಳಿಗೆ ಬರತೊಡಗಿದ್ದವು. ದೂರದ ಕೊಲರಾಡೋದಿಂದ ಒಂದು ಕೇಂದ್ರ ರೇಡಿಯೋದಲ್ಲಿ ಸಮಯ ಬಿತ್ತರಿಸುತ್ತದೆ. ಗಡಿಯಾರ ರಾತ್ರಿ ಅದನ್ನು ಕೇಳಿಸಿಕೊಂಡು ತನ್ನನ್ನು ತಿದ್ದಿಕೊಳ್ಳುತ್ತದೆ. ಕೇಳಿಸಿದರೆ ಪರದೆಯ ಮೂಲೆಯಲ್ಲಿ ಪುಟ್ಟ ಗೋಪುರದ ಗುರುತು ಮೂಡುತ್ತದೆ. ಮೂಡದಿದ್ದವರು ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನ್ ಮಾಡುತ್ತಿದ್ದರು. ಆ ಫೋನು ಜಲಜಾಕ್ಷಿಯ ಮೇಜಿನ ಮೇಲಿತ್ತು.

ಒಬ್ಬ ಗಡಿಯಾರವನ್ನು ಫ್ರಿಜ್ಜಿನ ನೆತ್ತಿಯ ಮೇಲೆ ಕೂರಿಸಿದ್ದ. ಇನ್ನೊಬ್ಬಳು ಟೀವಿಗೆ ಒರಗಿಸಿಟ್ಟು, ಪಕ್ಕದಲ್ಲಿ ಕಂಪ್ಯೂಟರನ್ನೂ ಇಟ್ಟುಕೊಂಡು, ಗೋಪುರ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿ ಈಗಿಂದೀಗಲೇ ಸರಿಮಾಡಿ ಎಂದು ಜಬರಿಸುವವರು ದಿನಕ್ಕೆ ಹತ್ತು ಮಂದಿ. ಸೌತ್ ಕೆರೊಲಿನಾದ ಯಾವುದೋ ಕೊಂಪೆಯಿಂದ ಮಾತಾಡಿದ ಮುದುಕನೊಬ್ಬ ತಗಡಿನ ಗೋಡೆಯ ಮನೆಯೊಳಗೆ ಗಡಿಯಾರ ತೂಗುಹಾಕಿದ್ದ. ತಗಡಿನ ಡಬ್ಬದೊಳಗೆ ರೇಡಿಯೋ ಹೇಗೆ ಕೇಳೀತು ಎಂದು ಇವಳು ವಿವರಿಸಿದ ಮೇಲೆ, ಮರುದಿನ ಅದನ್ನು ಹೊರಗಿನ ಮರದ ಕೊಂಬೆಗೆ ಕಟ್ಟಿದನಂತೆ. ಅದನ್ನು ಜಲಜಾಕ್ಷಿ ಊಟದ ಕೋಣೆಯಲ್ಲಿ ನಟಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದಳು.

ಅವಳಿಗೆ ಹಾಗೆ ಮೂಗು ಮುರಿಯುವ ಹಕ್ಕು ಸ್ವಲ್ಪ ಇತ್ತು. ಅವಳ ಅಪ್ಪ ಮೂಲ್ಕಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಹತ್ತನೆಯ ವಯಸ್ಸಿಗೇ ಬೆಸುಗೆ ಹಾಕಲು ಕಲಿತು, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಹೆಂಗಸು ಅವಳು. ಗಂಡ ತಾರಾನಾಥ ಷಾರ್ಲೆಟ್ಟಿನ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದ. ಅವನ ದೆಸೆಯಿಂದ ಇಬ್ಬರಿಗೂ ಗ್ರೀನ್ ಕಾರ್ಡ್ ಆಗಿತ್ತು. ನಲವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಸಿಕ್ಕಿದ್ದು ಮಾತ್ರ ಬೆಸುಗೆಯ ಕೆಲಸವಲ್ಲ, ಒಂದು ಟೆಲಿಫೋನು, ಒಂದು ಹಾಳೆ ಮತ್ತು ಒಂದು ಹೆಸರು. ಜಲಜಾಕ್ಷಿ ಎಂದರೆ ಗಿರಾಕಿಗಳ ನಾಲಿಗೆ ಹೊರಳುವುದಿಲ್ಲ ಎಂದು ಕಂಪನಿಯವರು ಅವಳಿಗೆ ಜಿಲ್ ಎಂದು ಹೆಸರಿಟ್ಟಿದ್ದರು.

ಗಿರಾಕಿಗಳಿಗೆ ಓದಿ ಹೇಳುವ ಆ ಹಾಳೆ ಬರೆದವರು ಶೇಷಾದ್ರಿ. ಬೆಂಗಳೂರಿನವರು, ಎಂ.ಟೆಕ್. ಮಾಡಿದವರು, ಕಂಪನಿಯ ಗುಣಮಟ್ಟಕ್ಕೆಲ್ಲ ತಾವೇ ಹೊಣೆ ಎಂದು ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡವರು. ಕನ್ನಡ ಸಂಘದ ದೀಪಾವಳಿ ಊಟದಲ್ಲಿ ತಾರಾನಾಥನ ಪಕ್ಕದ ಕುರ್ಚಿಯಲ್ಲಿ ಕೂತು, ನಿಮ್ಮ ಮನೆಯವರನ್ನ ನಮ್ಮಲ್ಲಿಗೆ ಕಳಿಸಿ ಎಂದು ಕೆಲಸ ಕೊಡಿಸಿದವರೂ ಅವರೇ. ಹಾಳೆಯಲ್ಲಿದ್ದ ಸಲಹೆಗಳೇನೂ ಸುಳ್ಳಲ್ಲ. ಪಶ್ಚಿಮದ ಕಿಟಕಿಗಿಡಿ, ಟೀವಿಯಿಂದ ಆರಡಿ ದೂರವಿಡಿ, ಬ್ಯಾಟರಿ ಬದಲಿಸಿ, ಮೂರು ರಾತ್ರಿ ಕಾಯಿರಿ, ಕಾದರೂ ಬರದಿದ್ದರೆ ಇನ್ನೊಂದು ಕಿಟಕಿಗಿಡಿ. ಕೊಲರಾಡೋ ದೂರ, ಪೂರ್ವ ಕರಾವಳಿಗೆ ದನಿ ಕ್ಷೀಣವಾಗಿ ತಲುಪುತ್ತದೆ ಎಂಬುದು ಜಲಜಾಕ್ಷಿಗೂ ಗೊತ್ತಿತ್ತು. ಆದರೆ ಗಡಿಯಾರವೇ ಕೆಟ್ಟಿರಬಹುದು ಎಂಬ ಒಂದು ಸಾಲು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಮನೆ ಸರಿಯಿಲ್ಲ, ಗೋಡೆ ಸರಿಯಿಲ್ಲ, ಹವೆ ಸರಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಜಾತಿಯ ಹಾಳೆ. ಅದು ಅವಳಿಗೆ ಆಗ ಹೊಳೆಯಲಿಲ್ಲ. ಡೊಂಕು ನೆಲದ ಜನರನ್ನು ಆಡಿಕೊಳ್ಳುವುದರಲ್ಲೇ ಅವಳಿಗೆ ಹೊತ್ತು ಹೋಗುತ್ತಿತ್ತು.

ಫೆಬ್ರುವರಿಯಲ್ಲಿ ಮೇರಿಲ್ಯಾಂಡಿನ ಜರ್ಮನ್‌ಟೌನಿನಿಂದ ವಿ. ಮುರಳೀಧರ ಎಂಬ ಹೆಸರಿನ ಹೆಂಗಸೊಬ್ಬಳು ನಾಲ್ಕನೆಯ ಸಲ ಫೋನ್ ಮಾಡಿದಳು. ಇಂಡಿಯಾದವಳು ಎಂದು ಇಂಗ್ಲಿಷಿನಿಂದಲೇ ಗೊತ್ತಾಗುತ್ತಿತ್ತು; ಹೆಸರು ನೋಡಿ ತಮಿಳಿನವಳಿರಬೇಕೆಂದು ಜಲಜಾಕ್ಷಿ ತೀರ್ಮಾನಿಸಿಕೊಂಡಿದ್ದಳು. ಈ ಹೆಂಗಸಿನ ಕಾಟ ಬೇರೆ ರೀತಿಯದು. ಜಬರಿಸುವುದಿಲ್ಲ, ಗೋಗರೆಯುವುದಿಲ್ಲ. ಇಂಥ ತಾರೀಖು ನೀವು ಹೀಗೆ ಹೇಳಿದಿರಿ, ಹಾಗೆ ಮಾಡಿದೆ, ಹೀಗಾಯಿತು, ಮುಂದೇನು ಎಂದು ಬರೆದಿಟ್ಟುಕೊಂಡದ್ದನ್ನು ಓದುತ್ತಾಳೆ. ಆ ದಿನ ಅವಳು ಹದಿನೆಂಟನೆಯ ರಾತ್ರಿಯ ವಿವರ ಓದತೊಡಗಿದಾಗ ಜಲಜಾಕ್ಷಿ ಆ ಕಡೆಗೆ ಕೇಳಿಸದಂತೆ ಫೋನಿನ ಹೋಲ್ಡ್ ಗುಂಡಿ ಒತ್ತಿ, ತಲೆಯ ಮೇಲೆ ಕೈಯಿಟ್ಟು, ತನ್ನಷ್ಟಕ್ಕೆ ಹೇಳಿಕೊಂಡಳು:

"ಇವಳಿಗೆ ಮನೆಯಲ್ಲಿ ಬೇರೆ ಕೆಲಸ ಇಲ್ಲವಾ ಎಂತ ಕಥೆ. ಗಡಿಯಾರಕ್ಕೆ ಬಾಣಂತನ ಮಾಡುದು."

ಗುಂಡಿ ಸರಿಯಾಗಿ ಕೂತಿರಲಿಲ್ಲ.

"ಕೆಲಸ ಇದೆ ಕಣಮ್ಮ," ಎಂದಿತು ಆ ಕಡೆಯ ದನಿ, ಅಪ್ಪಟ ಮೈಸೂರಿನ ಕನ್ನಡದಲ್ಲಿ. "ಲ್ಯಾಬಲ್ಲಿ ಒಂದು ಕೆಲಸ, ಮನೇಲಿ ಒಂದು ಕೆಲಸ. ಟೈಮ್ ಸಾಲ್ದೇನೇ ಗಡಿಯಾರ ತಗೊಂಡಿದ್ದು."

ಜಲಜಾಕ್ಷಿಯ ಕಿವಿ ಬಿಸಿಯಾಯಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು. ಆ ಹೆಂಗಸು ಕಾಯಲಿಲ್ಲ. ತನ್ನ ಹೆಸರು ವಸಂತಾ, ಜೀವಾಣು ಬೆಳೆಸುವ ಒಂದು ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಟೆಕ್ನಿಷಿಯನ್, ಸರಿಯಾದ ನಿಮಿಷಕ್ಕೆ ಮಾದರಿ ತೆಗೆಯುವುದು ಕೆಲಸ ಎಂದಳು. ಹೋದ ವರ್ಷ ಇದೇ ಕಂಪನಿಯ ಗಡಿಯಾರವನ್ನು ಮನೆಗೆ ತಂದಿದ್ದಳಂತೆ, ಅದು ಬಂಗಾರದಂತೆ ನಡೆಯುತ್ತಿದೆ. ಅದನ್ನು ಮೆಚ್ಚಿಯೇ ಡಿಸೆಂಬರಿನಲ್ಲಿ ಲ್ಯಾಬಿಗೆಂದು ಇನ್ನೊಂದು ಕೊಂಡದ್ದು. ಅದಕ್ಕೆ ಗೋಪುರದ ಗುರುತೇ ಬರಲಿಲ್ಲ. ಲ್ಯಾಬಿನ ಕಟ್ಟಡ ಉಕ್ಕಿನದು, ಅದರ ತಪ್ಪಿರಬಹುದೆಂದು ಮನೆಗೆ ತಂದು ಹಳೆಯದರ ಪಕ್ಕದಲ್ಲೇ ಇಟ್ಟು ನೋಡುತ್ತಿದ್ದಾಳೆ.

"ಇಪ್ಪತ್ತೊಂದು ರಾತ್ರಿ ಮುಗೀಲಿ ಅಂತಿದೀನಿ," ಎಂದಳು ವಸಂತಾ. "ಮುಗಿದ ಮೇಲೆ ಫ್ಯಾಕ್ಸ್ ಮಾಡ್ತೀನಿ. ನೀವು ಓದ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು, ಜಿಲ್ ಅವರೇ."

ಜಿಲ್ ಎಂಬ ಹೆಸರನ್ನು ಅವಳು ಹೇಳಿದ ರೀತಿ, ಬೆರಳ ತುದಿಯಲ್ಲಿ ಸತ್ತ ಜಿರಲೆ ಹಿಡಿದಂತಿತ್ತು.

ನಾಲ್ಕು ದಿನಗಳ ಮೇಲೆ ಫ್ಯಾಕ್ಸ್ ಬಂತು. ಎರಡು ಪುಟ, ಅಡಿಕೋಲಿಟ್ಟು ಗೆರೆ ಎಳೆದ ಕೋಷ್ಟಕ. ಎಡಕ್ಕೆ ಹಳೆಯ ಗಡಿಯಾರ, ಬಲಕ್ಕೆ ಹೊಸದು. ಹಳೆಯದು ಇಪ್ಪತ್ತೊಂದರಲ್ಲಿ ಹದಿಮೂರು ರಾತ್ರಿ ಸಮಯ ಹಿಡಿದಿತ್ತು. ಹೊಸದು ಒಂದು ರಾತ್ರಿಯೂ ಇಲ್ಲ. ಎಂಟನೆಯ ದಿನ ಎರಡರ ಜಾಗ ಅದಲುಬದಲು ಮಾಡಿದ್ದಳು, ಹನ್ನೆರಡನೆಯ ದಿನ ಬ್ಯಾಟರಿಗಳನ್ನೂ ಅದಲುಬದಲು ಮಾಡಿದ್ದಳು. ಫಲ ಅದೇ. ಕೊನೆಯಲ್ಲಿ ಎರಡರ ಸೀರಿಯಲ್ ನಂಬರು ಬರೆದು, ಹಳೆಯದು ಎಚ್ ಅಕ್ಷರದಿಂದಲೂ ಹೊಸದು ಕೆ ಅಕ್ಷರದಿಂದಲೂ ಶುರುವಾಗುತ್ತದೆ ಎಂದು ಅಡಿಗೆರೆ ಹಾಕಿದ್ದಳು. ಬೇರೆ ಒಂದು ಮಾತಿಲ್ಲ, ಬೈಗುಳವಿಲ್ಲ.

ಜಲಜಾಕ್ಷಿ ಅದನ್ನು ಎರಡು ಸಲ ಓದಿದಳು. ಅವಳ ಅಪ್ಪ ರೇಡಿಯೋ ಪರೀಕ್ಷಿಸುತ್ತಿದ್ದುದು ಹೀಗೆಯೇ: ಕೆಟ್ಟದ್ದರ ಪಕ್ಕದಲ್ಲಿ ಸರಿಯಿದ್ದದ್ದನ್ನು ಇಟ್ಟುಕೊಂಡು, ಒಂದೊಂದನ್ನೇ ಬದಲಿಸುತ್ತ. ಅವಳು ಅದನ್ನು ಕಲಿತೂ ಮರೆತಿದ್ದಳು. ಆಮೇಲೆ ದೂರು ಬರೆದಿಡುವ ಕಾರ್ಡುಗಳ ಪೆಟ್ಟಿಗೆ ತೆರೆದು ಕೂತಳು. ಒಂದು ಸಲಕ್ಕಿಂತ ಹೆಚ್ಚು ಫೋನ್ ಮಾಡಿದವರ ಕಾರ್ಡುಗಳನ್ನು ಬೇರೆ ಮಾಡಿದಾಗ, ಬಹುಪಾಲು ಸೀರಿಯಲ್ ನಂಬರುಗಳ ಮುಂದೆ ಕೆ ನಿಂತಿತ್ತು.

ಊಟದ ಬಿಡುವಿನಲ್ಲಿ ಅವಳು ಗೋದಾಮಿನಿಂದ ಎರಡೂ ಬಗೆಯ ಒಂದೊಂದು ಗಡಿಯಾರ ತಂದು ಹಿಂಬದಿಯ ಸ್ಕ್ರೂ ಬಿಚ್ಚಿದಳು. ಒಳಗೆ ತಂತಿ ಸುತ್ತಿದ ಕಪ್ಪು ಕಡ್ಡಿ, ಅದೇ ಕಿವಿ. ಅದರ ಹಿಂದೆ ಬೆರಳಗಲದ ಬೋರ್ಡು, ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಸ್ಫಟಿಕದ ಕೊಳವೆ. ಯಾವ ಕೇಂದ್ರಕ್ಕೆ ಕಿವಿಗೊಡಬೇಕೆಂದು ನಿರ್ಧರಿಸುವುದು ಆ ಕೊಳವೆ. ಎಚ್ ಗಡಿಯಾರದ ಕೊಳವೆಯ ಮೇಲೆ ಅರವತ್ತು ಎಂದಿತ್ತು. ಅಮೆರಿಕದ ಕೇಂದ್ರ ಬಿತ್ತರಿಸುವುದು ಅರವತ್ತು ಕಿಲೋಹರ್ಟ್ಸಿನಲ್ಲೇ. ಕೆ ಗಡಿಯಾರದ್ದರ ಮೇಲೆ ಎಪ್ಪತ್ತೇಳೂವರೆ ಎಂದಿತ್ತು. ಅದು ಜರ್ಮನಿಯ ಕೇಂದ್ರದ ಸಂಖ್ಯೆ. ಪೂರ್ವಕ್ಕಿಡಿ, ಪಶ್ಚಿಮಕ್ಕಿಡಿ, ಮರದ ಕೊಂಬೆಗೆ ಕಟ್ಟಿ, ಆ ಗಡಿಯಾರ ಈ ಊರಿನಲ್ಲಿ ಜನ್ಮವಿಡೀ ಕಿವುಡೇ.

ಅವಳು ಎರಡನ್ನೂ ತಟ್ಟೆಯಲ್ಲಿಟ್ಟುಕೊಂಡು ಶೇಷಾದ್ರಿಯವರ ಕೋಣೆಗೆ ಹೋದಳು. ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದಳು. ಶೇಷಾದ್ರಿ ಬೆಚ್ಚಿಬೀಳಲಿಲ್ಲ. ಬಾಗಿಲು ಹಾಕಿಕೊಂಡು ಬರಲು ಹೇಳಿ, ಡ್ರಾಯರಿನಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಗಡಿಯಾರಗಳನ್ನು ಮಾಡಿಕೊಡುವ ಕಾರ್ಖಾನೆಯವರು ನವೆಂಬರಿನಲ್ಲೇ ಕಳಿಸಿದ ಫ್ಯಾಕ್ಸು. ಜರ್ಮನಿಗೆ ಹೋಗಬೇಕಿದ್ದ ಬೋರ್ಡುಗಳು ನಿಮ್ಮ ನಾಲ್ಕು ಸಾವಿರ ಗಡಿಯಾರಗಳೊಳಗೆ ಸೇರಿಹೋಗಿವೆ, ವಾಪಸು ಕಳಿಸಿದರೆ ಬದಲಿಸಿಕೊಡುತ್ತೇವೆ ಎಂದು ಬರೆದಿದ್ದರು.

"ಮತ್ತೆ ಕಳಿಸಲಿಲ್ಲ ಎಂತಕ್ಕೆ?" ಎಂದಳು ಜಲಜಾಕ್ಷಿ.

"ಆ ಬ್ಯಾಚ್ ಚೆಕ್ ಮಾಡಿ ಸೈನ್ ಹಾಕಿದ್ದು ನಾನು. ಚೆಕ್ ಮಾಡದೇನೇ ಹಾಕಿದ್ದೆ ಅಂದ್ಕೊಳಿ. ಫ್ಯಾಕ್ಸ್ ಬರೋ ಹೊತ್ತಿಗೆ ಮುಕ್ಕಾಲು ಮಾಲು ಅಂಗಡಿಗಳಿಗೆ ಹೋಗಾಗಿತ್ತು. ಗ್ರೀನ್ ಕಾರ್ಡ್ ಪೇಪರ್ಸ್ ಫೈಲ್ ಆಗೋ ಟೈಮಲ್ಲಿ ರೇಬರ್ನ್ ಹತ್ರ ಹೋಗಿ ತಪ್ಪಾಯ್ತು ಅನ್ಲಾ?" ರೇಬರ್ನ್ ಎಂದರೆ ಕಂಪನಿಯ ಒಡೆಯ. ಶೇಷಾದ್ರಿ ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ನೋಡಿ, ಅರ್ಧ ಜನ ಫೋನೇ ಮಾಡಲ್ಲ. ಮಾಡಿದೋರು ಮೂರನೇ ಸಲಕ್ಕೆ ಸುಸ್ತಾಗಿ ಬಿಟ್ಬಿಡ್ತಾರೆ. ನಿಮ್ಮ ಹತ್ರ ಮಾತಾಡಿದೋರಂತೂ ಎರಡನೇ ಸಲಕ್ಕೇ ಬಿಡ್ತಾರೆ. ನಿಮ್ಮಷ್ಟು ಚೆನ್ನಾಗಿ ಈ ಕೆಲಸ ಯಾರೂ ಮಾಡಿಲ್ಲ, ಜಲಜಾಕ್ಷಿಯವರೇ. ನಾನು ರೇಬರ್ನ್‌ಗೂ ಹೇಳಿದೀನಿ."

ಅವರು ಅದನ್ನು ನಿಜವಾದ ಹೊಗಳಿಕೆಯೆಂದೇ ಹೇಳಿದ್ದರು. ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಜಲಜಾಕ್ಷಿಗೆ ಕೆನ್ನೆಗೆ ಹೊಡೆದಂತಾದದ್ದು.

ಆ ಸಂಜೆ ಮನೆಗೆ ಹೋಗಿ ತಾರಾನಾಥನಿಗೆ ಹೇಳಿದಳು. ಅವನು ಯಾರ ಮೇಲೂ ಸಿಟ್ಟು ಮಾಡುವ ಪೈಕಿಯಲ್ಲ. ಕೆಲಸ ಕೊಡಿಸಿದ ಮನುಷ್ಯ, ಸಂಘದಲ್ಲಿ ದಿನಾ ಮುಖ ನೋಡಬೇಕು, ನಾವು ನಾವೇ ಹೀಗೆ ಮಾಡಿಕೊಂಡರೆ ಹೇಗೆ ಎಂದು ಹೇಳಿ ಊಟಕ್ಕೆ ಕೂತ. ಜಲಜಾಕ್ಷಿ ಬಂಗುಡೆ ಸಾರು ಬಡಿಸಿದಳು. ನಾವು ನಾವೇ ಎಂಬ ಮಾತು ಅವಳಿಗೆ ಅಸಹ್ಯವೆನ್ನಿಸಿತು. ಜರ್ಮನ್‌ಟೌನಿನ ವಸಂತಾ ಆ ನಾವು ಎಂಬುದರೊಳಗೆ ಬರುವುದಿಲ್ಲವೇ? ಆದರೆ ಅದಕ್ಕಿಂತ ಹೆಚ್ಚು ಅಸಹ್ಯವೆನ್ನಿಸಿದ್ದು ತನ್ನದೇ ನಾಲಿಗೆ. ಶೇಷಾದ್ರಿ ಬರೆದದ್ದು ಒಂದು ಹಾಳೆ ಮಾತ್ರ. ಅದನ್ನು ಓದುತ್ತ ಜನರನ್ನು ಪೆದ್ದರೆಂದು ನಂಬಿಸಿದವಳು, ಅವರು ನಾಚಿ ಫೋನ್ ಇಡುವಂತೆ ಮಾಡಿದವಳು ತಾನು. ಸಂಬಳಕ್ಕಾಗಿ ಮಾಡಿದ್ದರೆ ಒಂದು ತೂಕ. ಅವಳು ಖುಷಿಗೆ ಮಾಡಿದ್ದಳು.

ಮರುದಿನ ಬೆಳಿಗ್ಗೆ ಅವಳು ಹಾಳೆಯನ್ನು ಮಡಿಚಿ ಡ್ರಾಯರಿಗೆ ಹಾಕಿದಳು. ಬೇರೆ ಮಾಡಿಟ್ಟಿದ್ದ ಕೆ ಕಾರ್ಡುಗಳನ್ನು ಮುಂದಿಟ್ಟುಕೊಂಡು ಒಂದೊಂದೇ ನಂಬರಿಗೆ ತಾನೇ ಫೋನ್ ಮಾಡತೊಡಗಿದಳು. ಜಿಲ್ ಎನ್ನಲಿಲ್ಲ. ಜಲಜಾಕ್ಷಿ ಎಂದಳು, ಅರ್ಥವಾಗದವರಿಗೆ ಅಕ್ಷರ ಬಿಡಿಸಿ ಹೇಳಿದಳು. ನಿಮ್ಮ ಗಡಿಯಾರ ಈ ದೇಶದಲ್ಲಿ ಕೆಲಸ ಮಾಡುವಂಥದ್ದಲ್ಲ, ತಪ್ಪು ನಮ್ಮದು, ಪೆಟ್ಟಿಗೆಗೆ ಹಾಕಿ ವಾಪಸು ಕಳಿಸಿ ಎಂದಳು.

ಹೀಗೆ ಫೋನ್ ಮಾಡಿದಾಗ ಕೇಳಿದ್ದನ್ನು ಅವಳು ಊಟದ ಕೋಣೆಯಲ್ಲಿ ನಟಿಸಿ ತೋರಿಸಲಿಲ್ಲ. ಅಲ್ಫರೆಟಾದ ಒಬ್ಬ ಗಂಡಸು ಅವಳ ಮಾತು ಕೇಳಿ ಟೀವಿಯನ್ನೇ ಬೇರೆ ಕೋಣೆಗೆ ಸಾಗಿಸಿ, ಹೆಂಡತಿಯೊಡನೆ ತಿಂಗಳಿಡೀ ಜಗಳವಾಡಿದ್ದನಂತೆ. ಒಬ್ಬ ಶಾಲೆಯ ಮೇಷ್ಟ್ರು ತನ್ನ ತರಗತಿಯ ಮಕ್ಕಳೆದುರು ತಾನೇ ಏನೋ ತಪ್ಪು ಮಾಡಿದ್ದೇನೆಂದು ಒಪ್ಪಿಕೊಂಡು ಗಡಿಯಾರ ಇಳಿಸಿದ್ದ. ತಗಡಿನ ಮನೆಯ ಮುದುಕ ಮಾತ್ರ ಗಟ್ಟಿಯಾಗಿ ನಕ್ಕ. ಗಡಿಯಾರ ಮಳೆಗೆ ನೆಂದು ಸತ್ತಿತಂತೆ, ಕೊಂಬೆಗೆ ಏಣಿ ಹಾಕಿ ಹತ್ತುವಾಗ ತನ್ನ ಮೊಣಕಾಲೂ ಉಳುಕಿತಂತೆ. ಮೊಣಕಾಲು ಈಗ ಹೇಗಿದೆ ಎಂದು ಜಲಜಾಕ್ಷಿ ಕೇಳಿದಳು. ನಿನ್ನ ಗಡಿಯಾರಕ್ಕಿಂತ ವಾಸಿ ಎಂದ ಮುದುಕ.

ವಾರ ಕಳೆಯುವ ಮೊದಲೇ ಗೋದಾಮಿನ ಬಾಗಿಲಲ್ಲಿ ಪೆಟ್ಟಿಗೆಗಳು ಎದೆಯೆತ್ತರಕ್ಕೆ ಒಟ್ಟಾದವು. ಶೇಷಾದ್ರಿ ಎರಡು ಸಲ ಬಂದು ನಿಲ್ಲಿಸಿ ಎಂದರು, ಒಂದು ಸಲ ಬೇಡಿಕೊಂಡರು. ಶುಕ್ರವಾರ ರೇಬರ್ನ್ ಪೆಟ್ಟಿಗೆಗಳ ರಾಶಿಯನ್ನು ಕಂಡು, ಕೆಂಪಗಾಗಿ, ಇಬ್ಬರನ್ನೂ ತನ್ನ ಕೋಣೆಗೆ ಕರೆಸಿಕೊಂಡ. ಜಲಜಾಕ್ಷಿ ಬಿಚ್ಚಿದ ಎರಡು ಗಡಿಯಾರಗಳನ್ನೂ ವಸಂತಾ ಕಳಿಸಿದ ಕೋಷ್ಟಕವನ್ನೂ ಅವನ ಮೇಜಿನ ಮೇಲಿಟ್ಟಳು. ಭೂತಗನ್ನಡಿ ಕೊಟ್ಟು ಕೊಳವೆಗಳ ಮೇಲಿನ ಸಂಖ್ಯೆ ಓದಿಸಿದಳು. ಅವನು ಪೆದ್ದನಲ್ಲ, ಅರ್ಥವಾಯಿತು. ಇದು ಯಾವಾಗ ಗೊತ್ತಾಯಿತು ಎಂದು ಕೇಳಿದ.

ಶೇಷಾದ್ರಿ ಗಂಟಲು ಸರಿಮಾಡಿಕೊಂಡರು. ಈ ಸಮಸ್ಯೆಯ ಬೆನ್ನು ಹತ್ತಿ ತಾವು ಎರಡು ವಾರದಿಂದ ಶ್ರಮಿಸುತ್ತಿದ್ದುದಾಗಿಯೂ, ತಮ್ಮ ನಿರ್ದೇಶನದಲ್ಲಿ ಜಿಲ್ ಗಿರಾಕಿಗಳಿಂದ ವಿವರ ಸಂಗ್ರಹಿಸಿದ್ದಾಗಿಯೂ, ಈ ವಾರವಷ್ಟೇ ಮೂಲ ಪತ್ತೆಯಾದದ್ದಾಗಿಯೂ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು. ಅಡೆತಡೆಯಿಲ್ಲದೆ, ಕಣ್ಣು ಮಿಟುಕಿಸದೆ ಹೇಳಿದರು. ರೇಬರ್ನ್ ತಲೆದೂಗತೊಡಗಿದ.

ಜಲಜಾಕ್ಷಿ ಶೇಷಾದ್ರಿಯವರ ಕಡೆಗೆ ತಿರುಗಿ ಕನ್ನಡದಲ್ಲಿ, ದನಿ ಏರಿಸದೆ ಹೇಳಿದಳು: "ನವೆಂಬರಿನ ಕಾಗದ ನಿಮ್ಮ ಡ್ರಾಯರಿನಲ್ಲಿ ಉಂಟಲ್ಲ. ಅದನ್ನು ನೀವೇ ತರ್ತೀರಾ, ನಾನು ಹೋಗಿ ತರಬೇಕಾ? ನೀವೇ ತಂದ್ರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ. ನನಗೆ ಅದು ಮುಖ್ಯ ಅಂತ ಅಲ್ಲ."

ಅವಳು ಏನೆಂದಳು ಎಂದು ರೇಬರ್ನ್ ಕೇಳಿದ. ಶೇಷಾದ್ರಿಯವರ ಹಣೆಯಲ್ಲಿ ಬೆವರು ಮೂಡಿದ್ದನ್ನು ಜಲಜಾಕ್ಷಿ ಕನಿಕರವಿಲ್ಲದೆ ನೋಡಿದಳು. ಕೊನೆಗೆ ಅವರು ಎದ್ದು ಹೋಗಿ ಕಾಗದ ತಂದು ಒಡೆಯನ ಮುಂದಿಟ್ಟರು, ಇಟ್ಟು ನಿಂತೇ ಇದ್ದರು.

ರೇಬರ್ನ್ ಅವರನ್ನು ಕೆಲಸದಿಂದ ತೆಗೆಯುತ್ತಾನೆ ಎಂದು ಗೋದಾಮಿನವರೆಲ್ಲ ಕಾದರು. ತೆಗೆಯಲಿಲ್ಲ. ನಾಲ್ಕು ಸಾವಿರ ಗಡಿಯಾರಗಳನ್ನು ವಾಪಸು ತರಿಸುವ ಹೊತ್ತಿನಲ್ಲಿ ಫೋನಿಗೆ ಜನ ಬೇಕಿತ್ತು. ಶೇಷಾದ್ರಿಯವರ ಕೋಣೆಯನ್ನೂ ಪರೀಕ್ಷೆಯ ಮೇಜನ್ನೂ ಜಲಜಾಕ್ಷಿಗೆ ಕೊಟ್ಟು, ಅವರನ್ನು ಅವಳ ಕುರ್ಚಿಯಲ್ಲಿ ಕೂರಿಸಿದ. ಗಿರಾಕಿಗಳಿಗೆ ನಾಲಿಗೆ ಹೊರಳಲೆಂದು ಅವರಿಗೆ ಸ್ಟೀವ್ ಎಂದು ಹೆಸರನ್ನೂ ಇಟ್ಟ. ಮೊದಲ ದಿನವೇ ಯಾರೋ ಹೆಂಗಸು ಅವರನ್ನು ಅರ್ಧ ಗಂಟೆ ಬೈದದ್ದು ಗೋಡೆಯಾಚೆಗೂ ಕೇಳಿಸುತ್ತಿತ್ತು. ಕ್ಷಮಿಸಿ ಮೇಡಂ, ಕ್ಷಮಿಸಿ ಮೇಡಂ ಎನ್ನುತ್ತಿದ್ದರು. ಜಲಜಾಕ್ಷಿ ಬೆಸುಗೆ ಹಾಕುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿಸಿಕೊಂಡಳು. ಅಂಥ ಸಣ್ಣ ಸಂತೋಷವನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ಅವಳಿಗಿರಲಿಲ್ಲ, ಇದೆಯೆಂದು ಅವಳು ಹೇಳಿಕೊಂಡದ್ದೂ ಇಲ್ಲ.

ವಸಂತಾಗೆ ಹೊಸ ಗಡಿಯಾರವನ್ನು ಜಲಜಾಕ್ಷಿಯೇ ಪರೀಕ್ಷಿಸಿ ಕಳಿಸಿದಳು, ಜೊತೆಗೊಂದು ಕಾಗದ ಬರೆದು. ಅವತ್ತು ಬಾಯಿಂದ ಬಂದ ಮಾತಿಗೆ ಕ್ಷಮಿಸಬೇಕು ಎಂದು ಬರೆಯುವುದಕ್ಕೇ ನಾಲ್ಕು ಹಾಳೆ ಹಾಳಾದವು. ಹತ್ತು ದಿನದ ಮೇಲೆ ವಸಂತಾ ಫೋನ್ ಮಾಡಿ, ಗಡಿಯಾರ ಎರಡನೆಯ ರಾತ್ರಿಯೇ ಸಮಯ ಹಿಡಿಯಿತು ಎಂದು ತಿಳಿಸಿದಳು. ಕ್ಷಮೆಯ ವಿಷಯ ಎತ್ತಲಿಲ್ಲ. ಜಲಜಾಕ್ಷಿಯೇ ಎತ್ತಿದಾಗ, ನಾನು ನಿಮ್ಮನ್ನು ಕ್ಷಮಿಸಬೇಕೋ ಬೇಡವೋ ಎಂದು ಇನ್ನೂ ನೋಡುತ್ತಿದ್ದೇನೆ ಎಂದಳು. ಅದರಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಎಂದು ಜಲಜಾಕ್ಷಿಗೆ ತಿಳಿಯಲಿಲ್ಲ. ಆದರೆ ಇಂಥ ಹೆಂಗಸಿನ ಎದುರು ಪರೀಕ್ಷೆಗೆ ನಿಲ್ಲುವುದರಲ್ಲಿ ಅವಮಾನವೇನೂ ಇಲ್ಲವೆನ್ನಿಸಿತು.

ಮೇ ತಿಂಗಳಲ್ಲಿ ಶೇಷಾದ್ರಿ ಕೆಲಸ ಬಿಟ್ಟರು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಿಕ್ಕು ತಪ್ಪುತ್ತವೆ ಎಂದು ಕಂಪನಿಗಳು ಗಾಬರಿಬಿದ್ದು ಸಿಕ್ಕಸಿಕ್ಕವರನ್ನು ತುಂಬಿಕೊಳ್ಳುತ್ತಿದ್ದ ಕಾಲ. ಅಲ್ಫರೆಟಾದ ದೊಡ್ಡ ಆಫೀಸೊಂದು ಅವರನ್ನು ಇನ್ನೂ ದೊಡ್ಡ ಹುದ್ದೆಗೆ ಕರೆದಿತ್ತು. ಗ್ರೀನ್ ಕಾರ್ಡಿನ ಕಾಗದಗಳನ್ನೂ ಆ ಆಫೀಸಿನವರೇ ಹೊಸದಾಗಿ ಮಾಡಿಸಿಕೊಡುತ್ತಾರಂತೆ. ಹೊರಡುವ ದಿನ ಅವರ ಹೆಂಡತಿ ಎಲ್ಲರಿಗೂ ಬಿಸಿಬೇಳೆಬಾತ್ ಮಾಡಿ ಕಳಿಸಿದ್ದಳು. ಶೇಷಾದ್ರಿ ನಾಲ್ಕು ಮಾತಾಡಿದರು. ಗಿರಾಕಿಯ ದನಿಯನ್ನು ಕೇಳುವುದೇ ಗುಣಮಟ್ಟದ ಮೊದಲ ಪಾಠ ಎಂದು ತಾವು ಇಲ್ಲಿ ಕಲಿತದ್ದಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಲಜಾಕ್ಷಿಯ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಚಮಚವಿತ್ತು. ಅವಳು ಎರಡನ್ನೂ ಕೆಳಗಿಡಲಿಲ್ಲ.

ಹೊರಡುವ ಮುಂಚೆ ಅವರು ಪರೀಕ್ಷೆಯ ಮೇಜಿನ ಬಳಿ ಬಂದು ನಿಂತರು. "ಏನೂ ಬೇಜಾರಿಲ್ಲ ತಾನೆ, ಜಲಜಾಕ್ಷಿಯವರೇ?"

"ಬೇಜಾರು ಉಂಟು," ಎಂದಳು ಅವಳು. "ಊಟ ಒಳ್ಳೆದಿತ್ತು. ಮನೆಯವರಿಗೆ ಹೇಳಿ."

ಶೇಷಾದ್ರಿ ನಗಲೋ ಬೇಡವೋ ಎಂದು ಅರೆಕ್ಷಣ ಯೋಚಿಸಿ, ನಗದೆ ಹೊರಟುಹೋದರು. ಆ ಬೆಳಿಗ್ಗೆ ಹೊಸ ಸರಕು ಬಂದಿತ್ತು. ಜಲಜಾಕ್ಷಿ ಮುಂದಿನ ರಟ್ಟಿನ ಪೆಟ್ಟಿಗೆಯನ್ನು ಎಳೆದುಕೊಂಡು, ಅದರಿಂದೊಂದು ಗಡಿಯಾರ ತೆಗೆದು, ಹಿಂಬದಿಯ ಸ್ಕ್ರೂ ಬಿಚ್ಚತೊಡಗಿದಳು.